ಎರಡು ಸೆಕೆಂಡಿನ ಗಾಡಿಗಾಗಿ ಎರಡು ಸಲ ಹೋದೆ: ಯಾಮಾನಾಶಿಯ ಲೀನಿಯರ್ ಕೇಂದ್ರ

ಮೊದಲೇ ಹೇಳಿಬಿಡುತ್ತೇನೆ. ನಾನು 34 ವರ್ಷ ರೈಲ್ವೆಯಲ್ಲಿ ಹಳಿ ನೋಡಿಕೊಂಡವನು. ಗಾಡಿ ಓಡಿಸಿದವನಲ್ಲ, ಟಿಕೆಟ್ ಕೊಟ್ಟವನೂ ಅಲ್ಲ. ಅರಸೀಕೆರೆ, ಹಾಸನ, ಕೊನೆಗೆ ಸಕಲೇಶಪುರದ ಘಾಟಿ. ಪುಶ್ ಟ್ರಾಲಿ ಮೇಲೆ ಛತ್ರಿ ಬಿಡಿಸಿಕೊಂಡು ಕೂತು, ಜಲ್ಲಿ ಜಾರಿದೆಯಾ, ಸ್ಲೀಪರ್ ಒಡೆದಿದೆಯಾ ಅಂತ ನೋಡುತ್ತಾ ಹೋಗುವ ಕೆಲಸ. ರಿಟೈರ್ ಆದರೂ ಚಾಳಿ ಬಿಟ್ಟಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಎಲ್ಲರೂ ಗಾಡಿ ನೋಡುತ್ತಾರೆ, ನಾನು ಅದರ ಕೆಳಗೆ ನೋಡುತ್ತೇನೆ.

ಮಗಳು, ಅಳಿಯ ಟೋಕಿಯೋ ಪಕ್ಕದ ಹಾಚಿಯೋಜಿಯಲ್ಲಿದ್ದಾರೆ. ಕಳೆದ ಶರತ್ಕಾಲದಲ್ಲಿ ನಾವಿಬ್ಬರೂ ಎರಡು ತಿಂಗಳು ಅಲ್ಲಿದ್ದೆವು. ದೇವಸ್ಥಾನ, ಮಾಲ್, ಅಕ್ವೇರಿಯಂ ಎಲ್ಲಾ ಆದಮೇಲೆ ಮಗಳೇ ಕೇಳಿದಳು, "ಅಪ್ಪಾ, ಹಳಿ ಇಲ್ಲದ ರೈಲು ನೋಡ್ತೀರಾ?" ಬೇಡ ಅನ್ನುವುದುಂಟಾ?

ಯಾಮಾನಾಶಿ ಪ್ರಾಂತ್ಯದ ತ್ಸುರು ಊರಿನಲ್ಲಿ ಮ್ಯಾಗ್ಲೆವ್ ಗಾಡಿಯ, ಅಂದರೆ ಮ್ಯಾಗ್ನೆಟ್ ಬಲದಲ್ಲಿ ತೇಲಿಕೊಂಡು ಓಡುವ ಗಾಡಿಯ ಟ್ರಯಲ್ ಲೈನ್ ಇದೆ. ಮ್ಯಾಗ್ಲೆವ್‌ಗೆ ಅಲ್ಲಿಯವರ ರೂಢಿಯ ಹೆಸರು 'ಲೀನಿಯರ್'. ಲೈನಿಗೆ ಅಂಟಿಕೊಂಡೇ ಪ್ರಾಂತ್ಯದ ಸರ್ಕಾರ ಜನ ಬಂದು ನೋಡುವುದಕ್ಕೆ ಒಂದು ಕೇಂದ್ರ ಕಟ್ಟಿದೆ. ಹಾಚಿಯೋಜಿಯಿಂದ ಚುವೋ ಲೈನಿನ ಗಾಡಿ ಹಿಡಿದು ಓತ್ಸುಕಿ, ಅಲ್ಲಿಂದ ಬಸ್ಸಿನಲ್ಲಿ ಕಾಲು ಗಂಟೆ. ಓತ್ಸುಕಿ ಸ್ಟೇಷನ್ನೇ ನೋಡುವ ಹಾಗಿದೆ, ಮರದ ದಿಮ್ಮಿ ಜೋಡಿಸಿದ ಮನೆ ತರ.

ಮೊದಲ ಸಲ ಹೋದದ್ದು ದಂಡ. ದಂಡ ಅಂದರೆ ತಪ್ಪು ನಮ್ಮದೇ. ಗಾಡಿ ದಿನಾ ಓಡುತ್ತದೆ ಅಂತ ಅಳಿಯನ ಲೆಕ್ಕ. ಇದು ಸರ್ವಿಸ್ ಲೈನ್ ಅಲ್ಲ ಸ್ವಾಮಿ, ಟ್ರಯಲ್ ಲೈನ್. ಟ್ರಯಲ್ ಇದ್ದ ದಿನ ಮಾತ್ರ ಓಡುತ್ತದೆ. ಯಾವ ದಿನ ಅಂತ ಕೇಂದ್ರದವರು ತಮ್ಮ ವೆಬ್‌ಸೈಟಿನಲ್ಲೇ ಹಾಕಿರುತ್ತಾರೆ. ನಾವು ನೋಡಿರಲಿಲ್ಲ. ಮೂರನೇ ಮಹಡಿಯಲ್ಲಿ ನಿಂತು ಖಾಲಿ ಕಾಂಕ್ರೀಟ್ ಕಾಲುವೆ ನೋಡಿ ಬಂದೆವು. ಮೊಮ್ಮಗನ ಮುಖ ಚಿಕ್ಕದಾಯಿತು. ನನಗೆ ಮಾತ್ರ ಅಷ್ಟೇನೂ ಬೇಜಾರಾಗಲಿಲ್ಲ. ಗಾಡಿ ಇಲ್ಲದಾಗಲೇ ಅಲ್ವಾ ಲೈನ್ ಸರಿಯಾಗಿ ಕಾಣುವುದು.

ಕಾಲುವೆ ಅಂದದ್ದು ಸುಮ್ನೆ ಅಲ್ಲ. ನಮ್ಮ ವಿಶ್ವೇಶ್ವರಯ್ಯ ನಾಲೆಯನ್ನು ಒಣಗಿಸಿ, ಕಂಬದ ಮೇಲೆತ್ತಿ ಇಟ್ಟರೆ ಹೇಗಿರುತ್ತದೋ ಹಾಗೆ. ನಡುವೆ ಅಗಲವಾದ ನೆಲ, ಎರಡು ಪಕ್ಕ ಗೋಡೆ. ಹಳಿ ಇಲ್ಲ. ಜಲ್ಲಿ ಇಲ್ಲ. ಮೇಲೆ ಕರೆಂಟಿನ ತಂತಿಯೂ ಇಲ್ಲ. ಗೇಜ್, ಅಂದರೆ ಎರಡು ಹಳಿ ನಡುವಿನ ಅಂತರ, ಅಳೆಯೋಣ ಅಂದರೆ ಯಾವುದರಿಂದ ಯಾವುದಕ್ಕೆ ಅಳೆಯಬೇಕೋ ಗೊತ್ತಾಗುವುದಿಲ್ಲ. ಅಷ್ಟು ವರ್ಷ ಕಲಿತ ವಿದ್ಯೆ ಒಂದು ಕ್ಷಣ ಕೈಕೊಟ್ಟ ಹಾಗಾಯಿತು.

ಗುಟ್ಟೆಲ್ಲ ಗೋಡೆಯಲ್ಲಿದೆ. ಎಂಟರ ಆಕಾರದ ಕಾಯಿಲ್‌ಗಳನ್ನು ಎರಡೂ ಗೋಡೆಗೆ ಸಾಲಾಗಿ ಕೂರಿಸಿದ್ದಾರೆ. ಗಾಡಿಯ ಪಕ್ಕದಲ್ಲಿ ಸೂಪರ್‌ಕಂಡಕ್ಟರ್ ಮ್ಯಾಗ್ನೆಟ್. ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಗೆ ಇಳಿಸಿದ ನಿಯೋಬಿಯಂ-ಟೈಟಾನಿಯಂ ತಂತಿ ಅದು. ಒಮ್ಮೆ ಕರೆಂಟ್ ಹರಿಸಿ ಬಿಟ್ಟರೆ ಒಳಗೇ ಸುತ್ತುತ್ತಾ ಇರುತ್ತದೆ. ಆ ಮ್ಯಾಗ್ನೆಟ್ ಜೋರಾಗಿ ಹಾದುಹೋದಾಗ ಗೋಡೆಯ ಕಾಯಿಲ್‌ನಲ್ಲಿ ತಾನಾಗಿ ಕರೆಂಟ್ ಹುಟ್ಟಿ, ಕೆಳಗಿನಿಂದ ತಳ್ಳಿ, ಮೇಲಿನಿಂದ ಎಳೆದು, ಗಾಡಿಯನ್ನು ಸುಮಾರು 10 ಸೆಂಟಿಮೀಟರ್ ಎತ್ತುತ್ತದೆ. ನಿಧಾನಕ್ಕೆ ಹೋದರೆ ಏಳುವುದಿಲ್ಲ. ಅದಕ್ಕೇ ಗಂಟೆಗೆ 150 ಕಿ.ಮೀ. ಮುಟ್ಟುವ ತನಕ ರಬ್ಬರ್ ಟೈರ್ ಮೇಲೆ ಓಡಿ, ಆಮೇಲೆ ವಿಮಾನದ ಹಾಗೆ ಚಕ್ರ ಮಡಚಿಕೊಳ್ಳುತ್ತದೆ. ಮುಂದಕ್ಕೆ ಎಳೆಯುವ ಕಾಯಿಲ್‌ಗಳೂ ಗೋಡೆಯಲ್ಲೇ ಇವೆ, ಅವಕ್ಕೆ ಕರೆಂಟ್ ಕೊಡುವುದು ನೆಲದ ಮೇಲಿನ ಸಬ್‌ಸ್ಟೇಷನ್. ಅಂದರೆ ಎಂಜಿನ್ ಇರುವುದು ಲೈನಿನಲ್ಲಿ, ಗಾಡಿಯಲ್ಲಲ್ಲ! ಡ್ರೈವರ್ ಸೀಟೂ ಇಲ್ಲ, ಮುಂದೆ ಗಾಜೂ ಇಲ್ಲ, ಬರೀ ಕ್ಯಾಮೆರಾ. ನಮ್ಮ ಲೋಕೋ ಷೆಡ್ಡಿನ ಗೆಳೆಯರಿಗೆ ಇದನ್ನು ಹೇಳಿದಾಗ ನಾನು ಸ್ವಲ್ಪ ಜಾಸ್ತಿಯೇ ನಕ್ಕಿರಬೇಕು.

ಎರಡನೇ ಸಲ ದಿನ ನೋಡಿಕೊಂಡೇ ಹೋದೆವು. ದೊಡ್ಡವರಿಗೆ 420 ಯೆನ್, ಶಾಲೆ ಮಕ್ಕಳಿಗೆ 200. ಎರಡು ಕಟ್ಟಡಗಳಿವೆ. ಒಂದರ ಹೆಸರು 'ದೋಕಿದೋಕಿ ಲೀನಿಯರ್ ಭವನ', ಇನ್ನೊಂದು 'ವಾಕುವಾಕು ಯಾಮಾನಾಶಿ ಭವನ'. ದೋಕಿದೋಕಿ ಅಂದರೇನು ಅಂತ ಮಗಳನ್ನು ಕೇಳಿದೆ. ಎದೆ ಬಡಿಯುವ ಸದ್ದು ಅಂದಳು. ನಮ್ಮ ಢವಢವ! ಸರ್ಕಾರಿ ಕಟ್ಟಡಕ್ಕೆ 'ಢವಢವ ಭವನ' ಅಂತ ಬೋರ್ಡು ಹಾಕುವ ಧೈರ್ಯ ನಮ್ಮಲ್ಲಿ ಯಾರಿಗಿದೆ ಹೇಳಿ.

ಕೆಳಗಿನ ಮಹಡಿಯಲ್ಲಿ ನಿಜವಾದ ಬೋಗಿ ನಿಲ್ಲಿಸಿದ್ದಾರೆ. ಎಂಎಲ್‌ಎಕ್ಸ್01-2 ಅಂತ ಅದರ ನಂಬರು. 2003ರ ಡಿಸೆಂಬರ್ 2ರಂದು ಇದೇ ಲೈನಿನಲ್ಲಿ 581 ಕಿ.ಮೀ. ವೇಗ ಮುಟ್ಟಿದ ಗಾಡಿಯ ಬೋಗಿ. ಮುಂಭಾಗ ಚಪ್ಪಟೆಯಾಗಿ ಉದ್ದಕ್ಕೆ ಚಾಚಿದೆ, ಬಾತುಕೋಳಿ ಕೊಕ್ಕಿನ ಹಾಗೆ. ಒಳಗೆ ಹೋದರೆ ಇಕ್ಕಟ್ಟು, ಕಿಟಕಿ ಚಿಕ್ಕದು. "ಇದಕ್ಕಿಂತ ನಮ್ಮ ಚಾಮುಂಡಿ ಎಕ್ಸ್‌ಪ್ರೆಸ್ಸೇ ವಾಸಿ, ಕಾಲು ಚಾಚಬಹುದು" ಅಂತ ನಮ್ಮ ಮನೆಯವರು ತೀರ್ಪು ಕೊಟ್ಟರು. ಅವರಿಗೆ ಮೆಚ್ಚುಗೆಯಾದದ್ದು ಪುಟ್ಟ ಪುಟ್ಟ ಮನೆ, ಬೆಟ್ಟ, ಆಟಿಕೆ ರೈಲು ಎಲ್ಲ ಇಟ್ಟು ಮಾಡಿದ ಯಾಮಾನಾಶಿಯ ದೊಡ್ಡ ಮಾದರಿ. ಮೊಮ್ಮಗ ನಿಜವಾಗಿ ತೇಲುವ ಮಿನಿ ಲೀನಿಯರ್ ಮೇಲೆ ಕೂತು ಬಂದ, ಮತ್ತೆ ಸಾಲಿನಲ್ಲಿ ನಿಂತ. ಬೋರ್ಡುಗಳಲ್ಲಿ ಜಪಾನಿ ಭಾಷೆಯೇ ಜಾಸ್ತಿ. ಓದಿ ಹೇಳುವುದಕ್ಕೆ ಮಗಳಿದ್ದಳು, ನನಗೆ ತೊಂದರೆಯಾಗಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಟ್ರಯಲ್ ಲೈನುಗಳ ಕಥೆ. ಕೆಲವನ್ನು ಅಲ್ಲೇ ಓದಿಸಿಕೊಂಡೆ, ಕೆಲವನ್ನು ಮನೆಗೆ ಬಂದು ಹುಡುಕಿದೆ. ಜಪಾನಿನವರು ಇದರ ಕೆಲಸ ಶುರು ಮಾಡಿದ್ದು 1962ರಲ್ಲಿ. ಮೊದಲ ದೊಡ್ಡ ಟ್ರಯಲ್ ಲೈನ್ ಇಲ್ಲಲ್ಲ, ದಕ್ಷಿಣದ ಮಿಯಾಝಾಕಿಯಲ್ಲಿ, 1977ರಲ್ಲಿ. 7 ಕಿ.ಮೀ. ಉದ್ದ. ಆಗ ಕಾಲುವೆ ಆಕಾರವೂ ಇರಲಿಲ್ಲ, ತಲೆಕೆಳಗಾದ 'ಟಿ' ತರ ನಡುವೆ ಒಂದು ಗೋಡೆ, ಅದರ ಮೇಲೆ ಕುದುರೆ ಏರಿದ ಹಾಗೆ ಗಾಡಿ. 1979ರ ಡಿಸೆಂಬರಿನಲ್ಲಿ ಅದು ಜನರಿಲ್ಲದೆ ಗಂಟೆಗೆ 517 ಕಿ.ಮೀ. ವೇಗದಲ್ಲಿ ಓಡಿತು. ನಡುವೆ ಗೋಡೆ ಇದ್ದರೆ ಪ್ರಯಾಣಿಕರು ಕೂರುವುದೆಲ್ಲಿ? ಆಮೇಲೆ ಅದನ್ನು ಒಡೆದು 'ಯು' ಆಕಾರ ಮಾಡಿದರು. 1991ರಲ್ಲಿ ಒಂದು ಟ್ರಯಲ್ ಗಾಡಿ ಬೆಂಕಿಗೆ ಪೂರ್ತಿ ಸುಟ್ಟುಹೋಯಿತು. ಶುರುವಾದದ್ದು ಟೈರ್ ಪಂಕ್ಚರಿನಿಂದ. ಮೈನಸ್ 269 ಡಿಗ್ರಿಯ ಮ್ಯಾಗ್ನೆಟ್ ಅಲ್ಲ, ಟೈರ್! ನಮ್ಮ ಕೆಲಸದಲ್ಲೂ ಹೀಗೇ. ಸೇತುವೆ ಗಟ್ಟಿ ನಿಂತಿರುತ್ತದೆ, ಒಂದು ಬೋಲ್ಟ್ ಸಡಿಲಾಗಿರುತ್ತದೆ.

ಮಿಯಾಝಾಕಿಯದು ಒಂಟಿ ಲೈನ್. ಸುರಂಗ ಇಲ್ಲ. ಎದುರುಬದುರು ಎರಡು ಗಾಡಿ ಹಾದರೆ ಏನಾಗುತ್ತದೆ, ಸುರಂಗಕ್ಕೆ ನುಗ್ಗಿದಾಗ ಗಾಳಿ ಏನು ಮಾಡುತ್ತದೆ ಅಂತ ಅಲ್ಲಿ ನೋಡುವ ಹಾಗಿರಲಿಲ್ಲ. ಅದಕ್ಕೇ ಯಾಮಾನಾಶಿ. 1997ರ ಏಪ್ರಿಲ್‌ನಲ್ಲಿ ಇಲ್ಲಿ 18.4 ಕಿ.ಮೀ. ಮೇಲೆ ಓಡಾಟ ಶುರುವಾಯಿತು. 2013ರಲ್ಲಿ ಅದನ್ನು 42.8 ಕಿ.ಮೀ.ಗೆ ಬೆಳೆಸಿದರು. ಅದರಲ್ಲಿ ಸುಮಾರು 35 ಕಿ.ಮೀ. ಸುರಂಗದೊಳಗೇ ಇದೆ. 2004ರಲ್ಲಿ ಎರಡು ಗಾಡಿಗಳನ್ನು ಎದುರುಬದುರು ಓಡಿಸಿ, ಎರಡರ ವೇಗ ಸೇರಿ 1,026 ಕಿ.ಮೀ. ಆಗುವ ಹಾಗೆ ಹಾಯಿಸಿ ನೋಡಿದರು. 2015ರ ಏಪ್ರಿಲ್ 14ರಂದು ಒಂದೇ ದಿನದಲ್ಲಿ 4,064 ಕಿ.ಮೀ. ಓಡಿಸಿದರು. ನಮ್ಮ ಹಿಮಸಾಗರ ಎಕ್ಸ್‌ಪ್ರೆಸ್ ಕನ್ಯಾಕುಮಾರಿಯಿಂದ ಕತ್ರಾ ಮುಟ್ಟುವುದಕ್ಕೆ ಮೂರು ದಿನ ಹಿಡಿಯುತ್ತದಲ್ಲ, ಅದಕ್ಕಿಂತ ಜಾಸ್ತಿ ದೂರ. ಅದೂ 42.8 ಕಿ.ಮೀ. ಲೈನಿನಲ್ಲೇ ಅತ್ತಿಂದಿತ್ತ. ಒಂದು ವಾರ ಕಳೆದು ಏಪ್ರಿಲ್ 21ಕ್ಕೆ ಗಂಟೆಗೆ 603 ಕಿ.ಮೀ. ವೇಗ ಮುಟ್ಟಿದರು. 600ರ ಮೇಲೆ ಇದ್ದದ್ದು 10.8 ಸೆಕೆಂಡು ಮಾತ್ರ, ಅಷ್ಟರಲ್ಲೇ ಸುಮಾರು 1.8 ಕಿ.ಮೀ. ಮುಗಿದಿತ್ತು.

ದಾಖಲೆಗಿಂತ ನನ್ನ ತಲೆಯಲ್ಲಿ ಕೂತದ್ದು ಏರು. ಈ ಲೈನಿನಲ್ಲಿ ಸಾವಿರ ಮೀಟರಿಗೆ 40 ಮೀಟರ್ ಏರು ಇದೆ, ಅಂದರೆ 25ಕ್ಕೆ 1. ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲಿ 50ಕ್ಕೆ 1. ಅದಕ್ಕೇ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ಕಟ್ಟಿ, ತೆವಳಿಕೊಂಡು ಹತ್ತುತ್ತೇವೆ. 57 ಸುರಂಗ. ಮಳೆಗಾಲದಲ್ಲಿ ಗುಡ್ಡ ಯಾವಾಗ ಕುಸಿಯುತ್ತದೋ ಅಂತ ರಾತ್ರಿಯೆಲ್ಲ ಟಾರ್ಚ್ ಹಿಡಿದು ಗಸ್ತು. ಅದರ ಎರಡರಷ್ಟು ಏರನ್ನು ಇವರು ಗಂಟೆಗೆ 500 ಕಿ.ಮೀ. ವೇಗದಲ್ಲಿ ಹತ್ತುತ್ತಾರೆ. ಚಕ್ರ ಹಳಿಯನ್ನು ಹಿಡಿದರೆ ತಾನೆ ಜಾರುವುದು?

ನಮ್ಮ ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒದವರು ಹೊಸ ಬೋಗಿ ಟ್ರಯಲ್‌ಗೆ ಅಂತ ಬಂದಾಗಲೆಲ್ಲ ನಾವು ಓಡಾಟದ ಲೈನಿನಲ್ಲೇ ಬೇರೆ ಗಾಡಿ ತಡೆದು ಬ್ಲಾಕ್ ಕೊಡಬೇಕಿತ್ತು. ಪ್ಯಾಸೆಂಜರ್ ಗಾಡಿಯನ್ನು ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲಿಸಿ ಜನರ ಬೈಗುಳ ತಿಂದಿದ್ದೇವೆ. ಟ್ರಯಲ್‌ಗೇ ಅಂತ ಒಂದು ಲೈನ್ ಇದ್ದರೆ ಎಷ್ಟು ಆರಾಮ ಅನ್ನುವುದು ಬೈಸಿಕೊಂಡವರಿಗೇ ಗೊತ್ತು. ಈಗ ರಾಜಸ್ಥಾನದಲ್ಲಿ ಜೋಧಪುರ ಡಿವಿಷನ್ನಿನ ಗುಢಾ ಕಡೆ ಸುಮಾರು 60 ಕಿ.ಮೀ. ಲೈನ್ ಅದಕ್ಕೇ ಕಟ್ಟುತ್ತಿದ್ದಾರೆ.

ಹಾಗಂತ ಟ್ರಯಲ್ ಲೈನ್ ಅಂದರೆ ಮೈಮರೆಯುವ ಜಾಗ ಅಲ್ಲ. ಜರ್ಮನಿಯ ಎಮ್ಸ್‌ಲ್ಯಾಂಡಿನಲ್ಲೂ ಇಂಥದೇ ಒಂದು ಮ್ಯಾಗ್ಲೆವ್ ಟ್ರಯಲ್ ಲೈನ್ ಇತ್ತು, 31.5 ಕಿ.ಮೀ. ಉದ್ದ. 2006ರ ಸೆಪ್ಟೆಂಬರ್ 22ರ ಬೆಳಿಗ್ಗೆ, ಲೈನ್ ನೋಡಿಕೊಳ್ಳುವ ವಾಹನ ಇನ್ನೂ ಮೇಲೆ ನಿಂತಿದ್ದಾಗಲೇ ಗಾಡಿ ಬಿಟ್ಟರು. 23 ಜನ ಸತ್ತರು. ಇದನ್ನು ಓದಿದಾಗ ನನಗೆ ಮ್ಯಾಗ್ನೆಟ್ಟೂ ಕಾಣಲಿಲ್ಲ, ವೇಗವೂ ಕಾಣಲಿಲ್ಲ. ನನ್ನ ಟ್ರಾಲಿ ಕಂಡಿತು. ಲೈನ್ ಕ್ಲಿಯರ್ ಅಂತ ಹೇಳುವ ಮೊದಲು ಟ್ರಾಲಿ ಇಳಿಸಿದ್ದೇವಾ ಅಂತ ಎರಡು ಸಲ ಕೇಳುತ್ತಿದ್ದ ನಮ್ಮ ಸ್ಟೇಷನ್ ಮಾಸ್ಟರ್ ಒಬ್ಬರಿದ್ದರು. ಆಗ ಅವರ ಮೇಲೆ ಸಿಟ್ಟು ಬರುತ್ತಿತ್ತು.

ಇರಲಿ, ಗಾಡಿ ನೋಡಿದ ಕಥೆಗೆ ಬರುತ್ತೇನೆ. ಮೂರನೇ ಮಹಡಿಯಲ್ಲಿ ಗಾಜಿನ ಮುಂದೆ ಜನ ಜಮಾಯಿಸಿದ್ದರು. ಗಾಡಿ ಎಲ್ಲಿದೆ, ಎಷ್ಟು ವೇಗದಲ್ಲಿದೆ ಅಂತ ಪರದೆಯ ಮೇಲೆ ತೋರಿಸುತ್ತಾರೆ. 280, 350, 420. ಅಂಕಿ ಏರಿದ ಹಾಗೆ ಮಾತು ಕಡಿಮೆಯಾಯಿತು. 500 ಬಂತು. ಸೆಕೆಂಡಿಗೆ 139 ಮೀಟರ್. ಮೈಸೂರು-ಬೆಂಗಳೂರು 139 ಕಿ.ಮೀ. ಅಂತ ಇಟ್ಟುಕೊಂಡರೆ ಸರಿಯಾಗಿ ಸಾವಿರ ಸೆಕೆಂಡು, 17 ನಿಮಿಷಕ್ಕೂ ಕಡಿಮೆ. ನಾನು ಈ ಲೆಕ್ಕ ಹಾಕುತ್ತಿದ್ದಾಗಲೇ ಮೊಮ್ಮಗ "ತಾತಾ!" ಅಂತ ಕಿರುಚಿದ. ತಲೆ ಎತ್ತಿದೆ. ಬಿಳಿ, ನೀಲಿ ಏನೋ ಒಂದು ಗೀಟು ಎಳೆದ ಹಾಗಾಯಿತು. ಆಮೇಲೆ ಗುಡುಗಿನಂಥ ಸದ್ದು. ಅಷ್ಟೇ. ಕಾಲುವೆ ಮತ್ತೆ ಖಾಲಿ.

"ಇದಕ್ಕೆ ಎರಡು ಸಲ ಬಂದೆವಾ?" ಅಂದರು ಮನೆಯವರು.

ಬಂದ ಗಾಡಿ ವಾಪಸ್ಸು ಹೋಗಲೇಬೇಕಲ್ಲ, ಕಾದೆವು. ಈ ಸಲ ನಾನು ಗಾಡಿ ಬರುವ ದಿಕ್ಕು ನೋಡಲಿಲ್ಲ. ಒಂದೇ ಕಡೆ, ಗೋಡೆಯ ಒಂದೇ ಜಾಗದ ಮೇಲೆ ಕಣ್ಣು ನೆಟ್ಟೆ. ನಮ್ಮಲ್ಲಿ ಗಾಡಿ ಹಾಯುವಾಗ ಸ್ಲೀಪರ್ ಎಷ್ಟು ಕುಗ್ಗುತ್ತದೆ ಅಂತ ನೋಡುವುದು ಹೀಗೇ. ಗಾಡಿ ಹಾಯಿತು. ಗೋಡೆ ಅಲುಗಿದ್ದು ನನ್ನ ಕಣ್ಣಿಗೆ ಕಾಣಲಿಲ್ಲ. ಹಳಿ ಕುಣಿಯಲಿಲ್ಲ, ಧೂಳೇಳಲಿಲ್ಲ. ಮೂರನೇ ಸಲವೂ ನೋಡಿದೆ, ನಾಲ್ಕನೇ ಸಲವೂ. ಮೊಮ್ಮಗ ತೆಗೆದ ನಾಲ್ಕು ವಿಡಿಯೋಗಳಲ್ಲಿ ಮೂರರಲ್ಲಿ ಬರೀ ಗೋಡೆ ಇದೆ. ಆ ಮೂರನ್ನೂ ನಾನು ನನ್ನ ಫೋನಿಗೆ ಹಾಕಿಸಿಕೊಂಡಿದ್ದೇನೆ.

ಹೋಗುವವರಿಗೆ ಒಂದೆರಡು ಮಾತು. ಸೋಮವಾರ ರಜೆ. ಟ್ರಯಲ್ ದಿನ ನೋಡದೆ ಹೊರಡಬೇಡಿ. ಊಟಕ್ಕೆ ಆ ಕಡೆಯ ಹೋತೋ ಅನ್ನುವ ದಪ್ಪ ನೂಡಲ್ಸ್ ಹೆಸರುವಾಸಿ. ಸಿಹಿಗುಂಬಳ ಹಾಕಿರುತ್ತಾರೆ ನಿಜ, ಆದರೆ ಸಾರಿಗೆ ಒಣಮೀನು ಬಿದ್ದಿರುವುದೇ ಜಾಸ್ತಿ. ನಾವು ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆವು, ಹೊರಗೆ ಬೆಂಚಿನ ಮೇಲೆ ಕೂತು ತಿಂದೆವು. ಚುರುಕಾಗಿ ನಡೆಯುವವರಾದರೆ ಬಸ್ ಬಿಟ್ಟು ಫುಜಿಕ್ಯು ಲೈನಿನ ತನೋಕುರಾ ಸ್ಟೇಷನ್ನಿನಿಂದ ಸುಮಾರು 20 ನಿಮಿಷ ನಡೆದೇ ಬರಬಹುದು.

ಈ 42.8 ಕಿ.ಮೀ. ಮುಂದೆ ಟೋಕಿಯೋ-ನಗೋಯಾ ಲೈನಿಗೇ ಸೇರುತ್ತದೆ. 2027ಕ್ಕೆ ಓಡಿಸುತ್ತೇವೆ ಅಂದಿದ್ದರು. ಸುರಂಗ ತೋಡಿದರೆ ನಮ್ಮ ಓಯಿ ನದಿಯ ನೀರು ಹೋಗುತ್ತದೆ ಅಂತ ದಾರಿಯಲ್ಲಿ ಸಿಗುವ ಶಿಝುವೋಕಾ ಪ್ರಾಂತ್ಯದವರು ಹಿಡಿದು ಕೂತರು, 2024ರಲ್ಲಿ ರೈಲು ಕಂಪನಿಯವರು ಆ ಗುರಿಯನ್ನೇ ಕೈಬಿಟ್ಟರು. ನೀರಿನ ಜಗಳ ಅಂದರೆ ಮಂಡ್ಯದವಳಾದ ನಮ್ಮ ಮನೆಯವರಿಗೆ ತಕ್ಷಣ ಅರ್ಥವಾಯಿತು, "ಅವರು ಹೇಳೋದು ಸರಿ" ಅಂದರು. ಲೈನ್ ಶುರುವಾಗುವ ತನಕ ಈ ಗಾಡಿಯಲ್ಲಿ ಕೂರಬೇಕೆಂದರೆ ಆಗಾಗ ಕರೆಯುವ ಟ್ರಯಲ್ ಸವಾರಿಯ ಲಾಟರಿ ಒಂದೇ ದಾರಿ. ಮಗಳು ನಮ್ಮ ಹೆಸರು ಹಾಕಿದ್ದಳು, ಹತ್ತಲಿಲ್ಲ. ಕೇಂದ್ರಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಉಳಿದ ಅರ್ಧ ಲಾಟರಿ ಹತ್ತಿದ ದಿನಕ್ಕೆ.