ಹಶ್, ಪ್ರಿಯಾಸ್ ಶಕ್ತಿ, ಸ್ಪೀಕ್, ನಾಲ್ಕು ಚೌಕದ ಹಾಳೆ: ಹದಿಹರೆಯದವರ ಮುಂದೆ ಯಾವುದನ್ನು ಇಡಬೇಕು?

ಲೈಂಗಿಕ ದೌರ್ಜನ್ಯದ ಬಗ್ಗೆ ಹದಿಹರೆಯದವರ ಜೊತೆ ಮಾತಾಡಲು ಒಂದೇ ಪುಸ್ತಕದ ಪ್ರತಿಗಳಿಗೆ ದುಡ್ಡಿದ್ದರೆ ‘ಸ್ಪೀಕ್’ ಚಿತ್ರಕಾದಂಬರಿ ತರಿಸಿ. ದುಡ್ಡೇ ಇಲ್ಲವೆಂದರೆ ಎ4 ಹಾಳೆ, ಕಪ್ಪು ಪೆನ್ನು ಸಾಕು, ಮಕ್ಕಳೇ ಚಿತ್ರಕಥೆ ಬರೆಯಲಿ. ‘ಪ್ರಿಯಾಸ್ ಶಕ್ತಿ’ ಎರಡನೇ ಸಲದ ಚರ್ಚೆಗೆ ಇರಲಿ. ‘ಹಶ್’ ಅನ್ನು ಮಕ್ಕಳ ಕೈಗೆ ಕೊಡದೆ ಶಿಕ್ಷಕರ ತಯಾರಿಗೆ ಇಟ್ಟುಕೊಳ್ಳಿ. ಲೈಂಗಿಕ ದೌರ್ಜನ್ಯ ಮತ್ತು ಅದರಿಂದ ಎದ್ದು ಬರುವುದರ ಬಗ್ಗೆ ಕೊಪ್ಪಳ, ಕುಷ್ಟಗಿ, ಸಿಂಧನೂರು ಕಡೆಯ 13ರಿಂದ 16 ವರ್ಷದ ಮಕ್ಕಳ ಜೊತೆ ಮಾತಾಡಲು ಈ ನಾಲ್ಕನ್ನೂ ಬಳಸಿ ನೋಡಿದ ಮೇಲೆ ನಾವು ಮುಟ್ಟಿದ ತೀರ್ಮಾನ ಇದು.

‘ಹಶ್’ ಬೆಂಗಳೂರಿನ ಮಂಟಾ ರೇ ಪ್ರಕಾಶನ 2010ರಲ್ಲಿ ತಂದ ಚಿತ್ರಕಥೆ. ಅದರಲ್ಲಿ ಒಂದೂ ಮಾತಿಲ್ಲ. ಅನುವಾದದ ತಾಪತ್ರಯವಿಲ್ಲ, ಓದಿನಲ್ಲಿ ಹಿಂದಿರುವ ಮಗುವೂ ಉಳಿದವರ ಸಮಕ್ಕೆ ನಿಲ್ಲುತ್ತದೆ. ಚಿತ್ರದ ಸಾಲು ಹಿಡಿದು ಕಥೆ ಬಿಡಿಸುವುದು ಈ ಕಡೆಯವರಿಗೆ ಹೊಸದೇನೂ ಅಲ್ಲ. ಹಂಪಿಯ ಹಜಾರರಾಮ ಗುಡಿಯ ಗೋಡೆಯ ಮೇಲೆ ರಾಮಾಯಣ ಹಾಗೇ ಸಾಲುಸಾಲಾಗಿ ನಿಂತಿದೆ, ಕೊಪ್ಪಳದ ಮೋರನಾಳದಲ್ಲಿ ತೊಗಲುಗೊಂಬೆಯ ಪರದೆ ಇನ್ನೂ ಏಳುತ್ತದೆ. ಆದರೆ ಮಾತಿಲ್ಲದ ಪುಟವನ್ನು ತಮಗೆ ಬೇಕಾದಂತೆ ಓದಿಕೊಳ್ಳುವುದೂ ಅಷ್ಟೇ ಸಲೀಸು. ಕಥೆಯಲ್ಲಿ ದೌರ್ಜನ್ಯಕ್ಕೆ ಒಳಗಾದ ಶಾಲಾ ಹುಡುಗಿಯೊಬ್ಬಳ ಕೈಯಲ್ಲಿ ಬಂದೂಕು ಬರುತ್ತದೆ. ಅಲ್ಲಿಂದಾಚೆ ತರಗತಿಯ ಮಾತೆಲ್ಲ ಬಂದೂಕಿನದೇ, ಮಗುವಿನದಲ್ಲ. ಸುಧಾರಿಸಿಕೊಳ್ಳುವ ದಾರಿ ಹುಡುಕುವ ಮಗುವಿಗೆ ಇದರಲ್ಲಿ ಹಿಡಿಯಲು ಕೊಂಬೆಯಿಲ್ಲ.

‘ಪ್ರಿಯಾಸ್ ಶಕ್ತಿ’ 2014ರ ಚಿತ್ರಕಥೆ, ಅಂತರ್ಜಾಲದಲ್ಲಿ ಉಚಿತ. ಅತ್ಯಾಚಾರಕ್ಕೆ ಒಳಗಾದ ಪ್ರಿಯಾಳನ್ನು ಸ್ವಂತ ಮನೆಯವರೇ ದೂರುತ್ತಾರೆ. ಪಾರ್ವತಿಯ ಬೆಂಬಲದಿಂದ ಅವಳು ಹುಲಿಯನ್ನು ಎದುರಿಸಿ, ಅದರ ಮೇಲೇರಿ ಊರಿಗೆ ಮರಳುತ್ತಾಳೆ. ಮನೆಯವರ ದೂರುವಿಕೆಯನ್ನು ಇಷ್ಟು ನೇರವಾಗಿ ತೋರಿಸುವ ಪುಟಗಳು ‘ಸ್ಪೀಕ್’ನಲ್ಲಿಯೂ ಇಲ್ಲ. ತೊಡಕಿರುವುದು ದೇವಿಯ ಹತ್ತಿರ. ದೇವಿ ಹೆಸರಲ್ಲಿ ಹೆಣ್ಣುಮಕ್ಕಳನ್ನು ಬಿಡುವ ದೇವದಾಸಿ ಪದ್ಧತಿಯನ್ನು ರಾಜ್ಯ 1982ರಲ್ಲೇ ಕಾಯ್ದೆ ತಂದು ನಿಷೇಧಿಸಿತು, ಆದರೂ ಅದರ ಗಾಯ ಹೊತ್ತ ಮನೆಗಳು ನಮ್ಮ ಜಿಲ್ಲೆಗಳಲ್ಲಿವೆ. ಅಂಥ ಮನೆಯ ಮಗುವಿಗೆ ‘ದೇವಿ ಬಂದು ಕಾಪಾಡಿದಳು’ ಎಂಬ ಮಾತು ನಾವು ಅಂದುಕೊಂಡ ಹಾಗೆ ಕೇಳಿಸುವುದಿಲ್ಲ. ಇನ್ನೊಂದು, ಹುಲಿ ಏರಲಾಗದವಳು ಸೋತವಳು ಎಂಬ ಭಾವ ಮಕ್ಕಳಲ್ಲಿ ಉಳಿದುಬಿಡುತ್ತದೆ. ಮನೆಯವರು ದೂರುವ ಪುಟಗಳನ್ನಷ್ಟೇ ತೆಗೆದುಕೊಂಡು ‘ಇಲ್ಲಿ ಅವ್ವ ಬೇರೆ ಏನು ಅನ್ನಬಹುದಿತ್ತು?’ ಎಂದು ಕೇಳಿ, ಅಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿ ನಡೆಯುತ್ತದೆ.

ಇನ್ನು ‘ಸ್ಪೀಕ್’. ಲಾರಿ ಹಾಲ್ಸ್ ಆಂಡರ್ಸನ್ ಅವರ 1999ರ ಕಾದಂಬರಿಗೆ ಎಮಿಲಿ ಕ್ಯಾರೊಲ್ 2018ರಲ್ಲಿ ಚಿತ್ರರೂಪ ಕೊಟ್ಟರು. 350ಕ್ಕೂ ಹೆಚ್ಚು ಪುಟ, ಎಲ್ಲವೂ ಕಪ್ಪು, ಬಿಳಿ, ಬೂದು. ಪಾರ್ಟಿಯಿಂದ ಪೊಲೀಸರಿಗೆ ಫೋನ್ ಮಾಡಿದವಳು ಎಂದು ಗೆಳತಿಯರು ಕಥಾನಾಯಕಿ ಮೆಲಿಂಡಾಳನ್ನು ದೂರ ಮಾಡುತ್ತಾರೆ. ಅಲ್ಲಿ ಅವಳ ಮೇಲೆ ದೌರ್ಜನ್ಯ ನಡೆದಿತ್ತು, ಆದರೆ ಫೋನ್ ಮಾಡಿದ್ದು ಏಕೆಂದು ಯಾರೂ ಕೇಳುವುದಿಲ್ಲ. ಅವಳು ಮಾತು ನಿಲ್ಲಿಸುತ್ತಾಳೆ. ಚಿತ್ರಕಲೆಯ ಮೇಷ್ಟ್ರು ವರ್ಷವಿಡೀ ಒಂದೇ ವಿಷಯ ಕೊಡುತ್ತಾರೆ: ಮರ. ಅದು ಮತ್ತೆ ಮತ್ತೆ ಕೆಡುತ್ತದೆ, ಅವಳು ಮತ್ತೆ ಬರೆಯುತ್ತಾಳೆ. ಸುಧಾರಣೆ ಹೇಗೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ನಡೆಯುತ್ತದೆ ಎನ್ನುವುದನ್ನು ಉಳಿದ ಯಾವುದೂ ಇಷ್ಟು ತಾಳ್ಮೆಯಿಂದ ತೋರಿಸುವುದಿಲ್ಲ. ನಮ್ಮ ಆಯ್ಕೆ ಇದರ ಮೇಲೆ ನಿಲ್ಲಲು ಮರವೇ ಕಾರಣ.

ಐವರಿಗೆ ಒಂದು ಪ್ರತಿ ಬೇಕು. ಪ್ರೊಜೆಕ್ಟರ್ ಬೇಡ. ಗೋಡೆಯ ಮೇಲೆ ಚಿತ್ರ ಬಿದ್ದಾಗ ಮಗುವಿಗೆ ಕಣ್ಣು ತಪ್ಪಿಸಲು ಜಾಗವಿರುವುದಿಲ್ಲ, ಕೈಯಲ್ಲಿರುವ ಪುಟವನ್ನಾದರೆ ಮಗುಚಬಹುದು. ಇಡೀ ಪುಸ್ತಕ ಓದಿಸಬೇಡಿ. ಒಂದು ಸಲಕ್ಕೆ 12ರಿಂದ 15 ಪುಟ. ಕನ್ನಡ ಮಾತನ್ನು ಅಂಟುಚೀಟಿಯ ಮೇಲೆ ಬರೆದು ಚಿತ್ರದ ಪಕ್ಕದ ಖಾಲಿ ಜಾಗದಲ್ಲಿ ಅಂಟಿಸಿ. ಮಾತಿನ ಗುಳ್ಳೆಯೊಳಗೆ ತುರುಕಲು ಹೋದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಿ ಏನೂ ಓದಲಾಗುವುದಿಲ್ಲ. ದೌರ್ಜನ್ಯ ನಡೆಯುವ ಪುಟಗಳಿಗೆ ಬೈಂಡರ್ ಕ್ಲಿಪ್ ಹಾಕಿ, ಏಕೆ ಹಾಕಿದೆ ಎಂದು ಮೊದಲೇ ಹೇಳಿ. ಹೇಳದಿದ್ದರೆ ಎಲ್ಲರ ಕೈ ಹೋಗುವುದು ಅಲ್ಲಿಗೇ.

‘ಆಕಿ ರಾತ್ರಿ ಪಾರ್ಟಿಗೆ ಯಾಕ ಹೋಗಿದ್ಲು?’ ಈ ಪ್ರಶ್ನೆ ಬಂದೇ ಬರುತ್ತದೆ. ಬೈಯಬೇಡಿ, ಉಪದೇಶಕ್ಕೂ ಇಳಿಯಬೇಡಿ. ‘ಗವಿಮಠದ ಜಾತ್ರೆಗೆ ರಾತ್ರಿ ಯಾರ್ಯಾರು ಹೋಗಿದ್ದೀರಿ?’ ಎಂದು ಕೇಳಿ. ಕೈಗಳೆಲ್ಲ ಮೇಲೇಳುತ್ತವೆ. ಆ ಕೈಗಳು ಕೆಳಗಿಳಿಯುವವರೆಗೆ ಸುಮ್ಮನಿರಿ.

ಪದಗಳ ಬಗ್ಗೆಯೂ ಎಚ್ಚರ ಬೇಕು. ‘ಅಂಕಲ್’ ಎಂಬುದನ್ನು ‘ಮಾಮಾ’ ಮಾಡಿದರೆ ಕೆಡುತ್ತದೆ. ಸೋದರಮಾವನಿಗೆ ಕೊಡುವ ರೂಢಿ ಇರುವ ಕಡೆ ಆ ಮಾತು ಬಂದ ಕೂಡಲೇ ಹುಡುಗಿಯರನ್ನು ಛೇಡಿಸುವ ನಗು ಏಳುತ್ತದೆ. ‘ಪರಿಚಯದವನು’ ಎನ್ನಿ. ‘ಚೇತರಿಕೆ’ ಎಂದರೆ ಜ್ವರ ಬಿಟ್ಟು ‘ಆರಾಮಾದಂಗ’ ಎಂದುಕೊಳ್ಳುತ್ತಾರೆ, ಒಂದು ದಿನ ಮುಗಿದುಹೋಗುವಂಥದ್ದು. ‘ಸುಧಾರಿಸ್ಕೊಳ್ಳೋದು’ ಎಂದರೆ ಹೊತ್ತು ಹಿಡಿಯುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ‘ಯಾರಿಗೆ ಹೇಳಬೇಕು?’ ಎಂಬುದಕ್ಕೆ ಅವ್ವ ಅಪ್ಪ ಎಂಬ ಸಿದ್ಧ ಉತ್ತರ ಕೊಡಬೇಡಿ. ಗುಳೆ ಹೋದವರ ಮಕ್ಕಳು ಅಜ್ಜಿಯ ಹತ್ತಿರವೋ ಹಾಸ್ಟೆಲ್‌ನಲ್ಲೋ ಇರುತ್ತಾರೆ. ಪ್ರತಿ ಮಗು ಮೂವರ ಹೆಸರು ಬರೆದುಕೊಳ್ಳಲಿ, ಅವರಲ್ಲಿ ಒಬ್ಬರು ಮನೆಯವರಲ್ಲದವರಿರಲಿ.

ಮೂರೂ ಪುಸ್ತಕಗಳಲ್ಲಿ ನೊಂದವರು ಹುಡುಗಿಯರೇ. ಹುಡುಗರಿಗೂ ಆಗುತ್ತದೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಹುಡುಗ ಹುಡುಗಿ ಎಂದು ಭೇದ ಮಾಡುವುದಿಲ್ಲ. ಈ ಕೊರತೆ ತುಂಬುವುದು ಮಕ್ಕಳೇ ಬರೆಯುವ ನಾಲ್ಕು ಚೌಕದ ಚಿತ್ರಕಥೆ, ವರ್ಲ್ಡ್ ಕಾಮಿಕ್ಸ್ ಇಂಡಿಯಾ ಸಂಸ್ಥೆಯವರು ಹಬ್ಬಿಸಿದ ಪದ್ಧತಿ. ಎರಡು ಎ4 ಹಾಳೆ ಜೋಡಿಸಿ ನಾಲ್ಕು ಚೌಕ ಎಳೆಯಿರಿ. ಮೊದಲು ಮಾತು ಬರೆಸಿ, ಆಮೇಲೆ ಚಿತ್ರ. ಚಿತ್ರ ಮೊದಲಾದರೆ ಮಾತಿಗೆ ಜಾಗ ಉಳಿಯುವುದಿಲ್ಲ. ಪೆನ್ಸಿಲ್ ಗೆರೆ ಜೆರಾಕ್ಸ್‌ನಲ್ಲಿ ಮೂಡದು, ಕಪ್ಪು ಜೆಲ್ ಪೆನ್ನಿನಿಂದ ತಿದ್ದಿಸಿ. ಒಂದು ನಿಯಮ ಕಡ್ಡಾಯ: ತಮಗೇ ಆದದ್ದನ್ನು ಬರೆಯುವಂತಿಲ್ಲ, ನಿಜವಾಗಿ ಇರುವವರ ಹೆಸರು ಬಳಸುವಂತಿಲ್ಲ. ಆದರೂ ಕೆಲವು ಹಾಳೆಗಳಲ್ಲಿ ಗುರುತು ಸಿಗುತ್ತದೆ. ಹಾಸ್ಟೆಲ್‌ನ ಟ್ರಂಕು, ಟ್ರಂಕಿನ ಹಿಂದೆ ಕೂತ ಸಣ್ಣ ಹುಡುಗ, ಬಾಗಿಲಲ್ಲಿ ಬರೀ ಎರಡು ಕಾಲು. ನಾಲ್ಕನೇ ಚೌಕ ಖಾಲಿ. ಅಂಥ ಹಾಳೆಯನ್ನು ಗೋಡೆಗೆ ಹಚ್ಚಬಾರದು, ‘ಇದು ನಿಂದೇನು?’ ಎಂದು ತರಗತಿಯಲ್ಲಿ ಕೇಳಲೂಬಾರದು. ‘ನಾಲ್ಕನೇ ಚೌಕ ತುಂಬುವಾಗ ನನ್ನ ಹತ್ತಿರ ಬಾ’ ಎಂದು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದರೆ ಸಾಕು.

ಯಾವುದನ್ನೇ ಬಳಸಿ, ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತು ಕೊಡಬೇಡಿ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು ಪೋಕ್ಸೊ 19ನೇ ಕಲಂ ಹೇಳುತ್ತದೆ. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಇದನ್ನು ಶುರುವಿನಲ್ಲೇ ಹೇಳಿದರೆ ಮಗು ಮೋಸ ಹೋದಂತೆ ಆಗುವುದಿಲ್ಲ. ಜೊತೆಗೆ 24ನೇ ಕಲಂ ಕೂಡ ಹೇಳಿ: ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಬರೆದುಕೊಳ್ಳಬೇಕು, ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ಠಾಣೆಯ ಹೆದರಿಕೆ ಅರ್ಧ ಇಳಿಯುವುದು ಇಲ್ಲೇ. ಮಕ್ಕಳ ಸಹಾಯವಾಣಿಯ 1098 ಸಂಖ್ಯೆಯನ್ನು ಕರಿಹಲಗೆ ಮೇಲೆ ಬರೆದು ಅಳಿಸದೆ ಬಿಡಿ.

ಕೊನೆಗೆ, ಹೇಳಬೇಕೆನಿಸಿದ್ದನ್ನು ಬರೆದುಕೊಡುವ ಚೀಟಿ. ಎಲ್ಲರೂ ಬರೆಯಬೇಕು, ಹೇಳಲು ಏನೂ ಇಲ್ಲದವರು ಇಷ್ಟದ ತಿಂಡಿಯ ಹೆಸರು ಬರೆಯಲಿ. ಬೇಕಾದವರಷ್ಟೇ ಬರೆಯಿರಿ ಎಂದರೆ ಪೆನ್ನು ಎತ್ತಿದವರ ಮೇಲೆ ಇಡೀ ತರಗತಿಯ ಕಣ್ಣು ಬೀಳುತ್ತದೆ. ಎರಡು ಪಿರಿಯಡ್ ಒಟ್ಟಿಗೆ, ಬೆಳಗ್ಗೆಯೇ ಇಟ್ಟುಕೊಳ್ಳಿ. ಕೊನೆಯ ಪಿರಿಯಡ್ ಆದರೆ ಊರಿನ ಬಸ್ಸಿಗೆ ಓಡುವ ಮಗು ಕೇಳಿದ್ದನ್ನೆಲ್ಲ ಒಳಗೇ ಇಟ್ಟುಕೊಂಡು ಹೋಗುತ್ತದೆ. ಶನಿವಾರ ಬೇಡ, ಮರುದಿನ ಶಾಲೆ ಇರಬೇಕು. ಆ ಮರುದಿನ ಪ್ರಾರ್ಥನೆಗೆ ಅರ್ಧ ಗಂಟೆ ಮೊದಲೇ ಹೋಗಿ, ಬಾಗಿಲು ತೆರೆದ ಕೋಣೆಯಲ್ಲಿ ಕೂತಿರಿ. ಮಾತಾಡಬೇಕೆನ್ನುವ ಮಗು ಬರುವುದು ಆ ಹೊತ್ತಿನಲ್ಲಿ.