ಅಪ್‌ಡೇಟ್ ಏನೂ ಬಾಕಿ ಇಲ್ಲ ಅಂದರೆ ಸರ್ವರ್ ಚೆನ್ನಾಗಿದೆ ಅಂತಲ್ಲ

ನಿಮ್ಮ ಕಚೇರಿಯಲ್ಲಿ ಸೆಂಟ್‌ಓಎಸ್ 7 (ರೆಡ್ ಹ್ಯಾಟ್ ಬಳಗದ ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಇರುವ ಸರ್ವರ್ ಇನ್ನೂ ಓಡುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಾವು ಹನ್ನೆರಡು ದಿನದ ಡೇಟಾ ಕಳೆದುಕೊಂಡೆವು. ಹೊರಗಿನಿಂದ ಯಾರೂ ನುಗ್ಗಲಿಲ್ಲ, ಡಿಸ್ಕೂ ಕೆಡಲಿಲ್ಲ. ಒಂದು ತಾರೀಖನ್ನು ತಪ್ಪಾಗಿ ತಿಳಿದುಕೊಂಡಿದ್ದೆವು, ಅದರಿಂದಲೇ ಎಲ್ಲ ಶುರುವಾಯಿತು.

ಆ ತಾರೀಖು 2024ರ ಜೂನ್ 30. ಅಂದಿಗೆ ಸೆಂಟ್‌ಓಎಸ್ 7ಕ್ಕೆ ಪ್ಯಾಚ್, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್, ನಿಲ್ಲುತ್ತದೆ ಅಂತ ವರ್ಷಗಳ ಮುಂಚೆಯೇ ಗೊತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಕೆಲಸ ಮುಗಿದಿರಬೇಕು ಅಂತ ನಾವು ಯೋಚಿಸಲೇ ಇಲ್ಲ. ಅಲ್ಲಿಂದ ಕೆಲಸ ಶುರು ಮಾಡಿದರಾಯಿತು ಅಂದುಕೊಂಡೆವು. ಮೇ ತಿಂಗಳಲ್ಲಿ ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಟ್ಟವರನ್ನು ಕೇಳಿದಾಗ, ಆ ಸಾಫ್ಟ್‌ವೇರಿನ ಹಳೇ ಆವೃತ್ತಿ ಈ ಲಿನಕ್ಸ್ ಬಳಗದ ಮುಂದಿನ 8ರ ಮೇಲೆ ಓಡುವುದಿಲ್ಲ, ಹೊಸದನ್ನೇ ಹಾಕಬೇಕು ಅಂದರು. ಹೊಸದಕ್ಕೆ ಡೇಟಾಬೇಸೂ ಹೊಸದಾಗಬೇಕು. ಡೇಟಾಬೇಸ್ ಬದಲಾದರೆ ಎಲ್ಲ ರಿಪೋರ್ಟ್‌ಗಳನ್ನೂ ಮತ್ತೆ ಪರೀಕ್ಷೆ ಮಾಡಬೇಕು. ಒಂದು ತಿಂಗಳಲ್ಲಿ ಆಗುವ ಮಾತಲ್ಲ, ಅಲ್ವಾ? ಮುಂದಕ್ಕೆ ಹಾಕಿದೆವು.

ಜುಲೈನಲ್ಲಿ ಒಂದು ಪ್ಯಾಕೇಜ್ ಹಾಕಲು ಹೋದರೆ ಯಮ್‌ಗೆ (ಪ್ಯಾಕೇಜ್ ತಂದು ಹಾಕುವ ಟೂಲ್) ಮಿರರ್‌ಲಿಸ್ಟ್ ಸರ್ವರ್‌ನ, ಅಂದರೆ ಪ್ಯಾಕೇಜ್ ಎಲ್ಲಿ ಸಿಗುತ್ತದೆ ಅಂತ ಹೇಳುವ ಸರ್ವರ್‌ನ, ವಿಳಾಸವೇ ಸಿಗಲಿಲ್ಲ. ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೆಟ್ಟಿದೆ ಅಂತ ಅರ್ಧ ದಿನ ನೆಟ್‌ವರ್ಕ್ ಹುಡುಗರ ತಲೆ ತಿಂದೆವು. ಆಮೇಲೆ ಗೊತ್ತಾಯಿತು, ಆ ವಿಳಾಸವನ್ನೇ ನಿಲ್ಲಿಸಿಬಿಟ್ಟಿದ್ದಾರೆ. ಹಳೇ ಪ್ಯಾಕೇಜ್‌ಗಳನ್ನೆಲ್ಲ ವಾಲ್ಟ್ ಅನ್ನುವ ಉಗ್ರಾಣಕ್ಕೆ ಸಾಗಿಸಿದ್ದರು. ಯಮ್ ಎಲ್ಲಿಂದ ಪ್ಯಾಕೇಜ್ ತರಬೇಕು ಅಂತ ಹೇಳುವ ರಿಪೋ ಫೈಲಿನಲ್ಲಿ ಉಗ್ರಾಣದ ವಿಳಾಸ ಬರೆದೆವು. ಯಮ್ ಮತ್ತೆ ಓಡಿತು. ಸದ್ಯ, ಬಚಾವಾದೆವು ಅಂದುಕೊಂಡೆವು.

ನಿಜವಾದ ಅಪಾಯ ಇದ್ದದ್ದು ಅಲ್ಲೇ. ಉಗ್ರಾಣಕ್ಕೆ ಹೊಸ ಪ್ಯಾಚ್ ಬರುವುದಿಲ್ಲ. ಹಾಗಾಗಿ ಯಮ್ ದಿನಾ 'ಅಪ್‌ಡೇಟ್ ಏನೂ ಇಲ್ಲ' ಅಂತಲೇ ಹೇಳುತ್ತಿತ್ತು. ಎಲ್ಲ ಪ್ಯಾಚ್ ಹಾಕಿಕೊಂಡ ಸರ್ವರ್ ಹೇಳುವುದೂ ಅದೇ ಮಾತು, ಯಾರೂ ನೋಡಿಕೊಳ್ಳದ ಸರ್ವರ್ ಹೇಳುವುದೂ ಅದೇ ಮಾತು. ನಮ್ಮ ಮಾನಿಟರಿಂಗ್ ಪರದೆಯಲ್ಲಿ 'ಬಾಕಿ: 0' ಅಂತ ಹಸಿರು ಬಣ್ಣದಲ್ಲಿ ಕಾಣುತ್ತಿತ್ತು. ಮ್ಯಾನೇಜರ್‌ಗೂ ಅದನ್ನೇ ತೋರಿಸಿದೆವು. ಸಪೋರ್ಟ್ ಮುಗಿದ ಮರುದಿನ, ಜುಲೈ 1ಕ್ಕೆ, ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನ ದೊಡ್ಡ ದೋಷವೊಂದು ಬಹಿರಂಗವಾಗಿತ್ತು. 7ರಲ್ಲಿ ಇದ್ದದ್ದು ಹಳೆಯ 7.4 ಆವೃತ್ತಿ, ಅದಕ್ಕೆ ಆ ದೋಷ ತಾಗುವುದಿಲ್ಲ. ಅದು ನಮ್ಮ ಅದೃಷ್ಟ. ತಾಗಿದ್ದರೂ ಪರದೆ ಹಸಿರಾಗಿಯೇ ಇರುತ್ತಿತ್ತು.

ಸೆಪ್ಟೆಂಬರ್‌ನಲ್ಲಿ ಕೊನೆಗೂ ಅಪ್‌ಗ್ರೇಡ್‌ಗೆ ಕೈ ಹಾಕಿದೆವು. ನೇರ 9ಕ್ಕೆ ಹೋಗುವ ಆಸೆ ಇತ್ತು, ಆಗುವುದಿಲ್ಲ. ಅಪ್‌ಗ್ರೇಡ್ ಮಾಡುವ ಲೀಪ್ ಟೂಲ್ ಒಂದು ಸಲಕ್ಕೆ ಒಂದೇ ಮೆಟ್ಟಿಲು ಹತ್ತಿಸುತ್ತದೆ, 7ರಿಂದ 8, ಆಮೇಲೆ 9. ಮುಂಗಡ ತಪಾಸಣೆ ವರದಿಯಲ್ಲಿ, ಎರಡು ನೆಟ್‌ವರ್ಕ್ ಕಾರ್ಡ್‌ಗಳಿಗೂ ಹಳೇ ಈಥ್0, ಈಥ್1 ಹೆಸರು ಇದ್ದದ್ದಕ್ಕೆ ಅಪ್‌ಗ್ರೇಡ್ ತಡೆದಿತ್ತು. ಅದನ್ನು ಸರಿ ಮಾಡಿದೆವು. ತಡೆಯದೆ ಬರೀ ಎಚ್ಚರಿಸಿದ ಸಾಲುಗಳನ್ನು ಓದಲಿಲ್ಲ. ಅದರಲ್ಲೊಂದು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ಇತ್ತು.

ನಮ್ಮ ಬ್ಯಾಕಪ್ ಸ್ಕ್ರಿಪ್ಟ್ ಬರೀ 'ಪೈಥಾನ್' ಅನ್ನುವ ಹೆಸರಿನಲ್ಲಿ ಓಡುತ್ತಿತ್ತು. 7ರಲ್ಲಿ ಆ ಹೆಸರಿಗೆ ಪೈಥಾನ್ 2.7 ಸಿಗುತ್ತದೆ. 8ರಲ್ಲಿ ನಾವೇ ಹೊಂದಿಸದಿದ್ದರೆ ಆ ಹೆಸರಿನ ಕಮಾಂಡೇ ಇರುವುದಿಲ್ಲ. ಪ್ರತಿ ರಾತ್ರಿ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಟೂಲ್) ಅದನ್ನು ಕರೆಯಿತು, ಪ್ರತಿ ರಾತ್ರಿ ಅದು ಬಿತ್ತು. ತಪ್ಪಿನ ಮೇಲ್ ರೂಟ್ ಅನ್ನುವ ಮುಖ್ಯ ಬಳಕೆದಾರನ ಪೆಟ್ಟಿಗೆಗೆ ಹೋಗುತ್ತಿತ್ತು, ಅದನ್ನು ತೆರೆಯುವವರು ಯಾರೂ ಇರಲಿಲ್ಲ. ಹದಿಮೂರನೇ ದಿನ ಸಹೋದ್ಯೋಗಿಯೊಬ್ಬರ ಕೈತಪ್ಪಿನಿಂದ ಒಂದು ಟೇಬಲ್ ಅಳಿಸಿಹೋಯಿತು. ಬ್ಯಾಕಪ್ ಹುಡುಕಿದರೆ ಅಪ್‌ಗ್ರೇಡ್ ಮುಂಚಿನದೇ ಕೊನೆಯದು. ಗ್ರಾಹಕರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಕೇಳಿ, ಮತ್ತೆ ಟೈಪ್ ಮಾಡಿದೆವು. ಕೆಲವು ನಮೂದು ಸಿಗಲೇ ಇಲ್ಲ. ಆ ಸಹೋದ್ಯೋಗಿ ಎಷ್ಟು ನೊಂದುಕೊಂಡರು ಅಂದರೆ, ಈಗ ನೆನೆದರೂ ಬೇಜಾರಾಗುತ್ತದೆ. ತಪ್ಪು ಅವರೊಬ್ಬರದಾಗಿರಲಿಲ್ಲ.

8ಕ್ಕೆ ಬಂದೆವು, ಇನ್ನು 2029ರವರೆಗೆ ಚಿಂತೆ ಇಲ್ಲ ಅಂತ ಕೂರುವವರಿಗೂ ಒಂದು ಮಾತು. ಸೆಂಟ್‌ಓಎಸ್‌ಗೆ ಮೂಲವಾದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರ ಹತ್ತು ವರ್ಷದ ಆಯಸ್ಸು ಇಡೀ 8ಕ್ಕೆ ಸೇರಿದ್ದು. 8.4, 8.6 ಥರದ ಒಂದೊಂದು ಬಿಡುಗಡೆಗೆ ಅಷ್ಟು ಆಯಸ್ಸಿಲ್ಲ. ಮುಂದಿನದು ಬಂದ ಮೇಲೆ ಹಳೆಯದರಲ್ಲೇ ನಿಂತರೆ, ಜಾಸ್ತಿ ದುಡ್ಡಿನ ಸಪೋರ್ಟ್ ಇಲ್ಲದೆ ಪ್ಯಾಚ್ ಸಿಗುವುದಿಲ್ಲ. ತಾರೀಖೇ ಬದಲಾಗುವುದೂ ಉಂಟು. ಸೆಂಟ್‌ಓಎಸ್ 8 ಮೊದಲು 2029ರವರೆಗೆ ಅಂತಿತ್ತು. 2020ರ ಡಿಸೆಂಬರ್ 8ರಂದು ಅದನ್ನು 2021ರ ಕೊನೆಗೇ ನಿಲ್ಲಿಸುವುದಾಗಿ ಪ್ರಕಟಿಸಿದರು.

ದುಡ್ಡು ಕೊಟ್ಟು ಆಯಸ್ಸು ಹೆಚ್ಚಿಸಿಕೊಳ್ಳುವ ದಾರಿ ಇದೆ. ವಿಂಡೋಸ್ ಸರ್ವರ್ 2012ರ ಸಪೋರ್ಟ್ 2023ರ ಅಕ್ಟೋಬರ್ 10ಕ್ಕೆ ಮುಗಿದರೂ, ದುಡ್ಡು ಕೊಟ್ಟವರಿಗೆ 2026ರ ಅಕ್ಟೋಬರ್‌ವರೆಗೆ ಪ್ಯಾಚ್ ಇಟ್ಟಿದ್ದರು. ಉಬುಂಟು ಲಿನಕ್ಸ್‌ನ ಎಲ್‌ಟಿಎಸ್ (ದೀರ್ಘಕಾಲ ಸಪೋರ್ಟ್ ಇರುವ) ಆವೃತ್ತಿಯ ಐದು ವರ್ಷ ಪ್ರೋ ಚಂದಾದಿಂದ ಹತ್ತಾಗುತ್ತದೆ. ತಗೊಳ್ಳಿ, ಆದರೆ ಅದರ ಮೇಲೆ ಓಡುವ ಸಾಫ್ಟ್‌ವೇರಿನವರೂ ಅಲ್ಲಿಯವರೆಗೆ ಸಪೋರ್ಟ್ ಕೊಡುತ್ತಾರಾ ಅಂತ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ.

ಈಗ ನಮ್ಮ ಪಟ್ಟಿಯಲ್ಲಿ ಪ್ರತಿ ಸರ್ವರ್‌ಗೆ ಎರಡು ತಾರೀಖು ಇವೆ: ಸಪೋರ್ಟ್ ಮುಗಿಯುವುದು, ಅದಕ್ಕೂ ಹದಿನೆಂಟು ತಿಂಗಳು ಮುಂಚೆ ಕೆಲಸ ಶುರುವಾಗುವುದು. ಪರದೆಯಲ್ಲಿ 'ಬಾಕಿ: 0' ಪಕ್ಕದಲ್ಲೇ ಕೊನೆಯ ಪ್ಯಾಚ್ ಬಂದ ದಿನವನ್ನೂ ತೋರಿಸುತ್ತೇವೆ. ನೀವೂ ಇವತ್ತೇ ಆ ದಿನ ಯಾವುದು ಅಂತ ನೋಡಿ. ತಿಂಗಳುಗಟ್ಟಲೆ ಹಳೆಯದಾಗಿದ್ದರೆ, ಅಪ್‌ಗ್ರೇಡ್ ಮಾತಿಗಿಂತ ಮುಂಚೆ ನಿನ್ನೆಯ ಬ್ಯಾಕಪ್ಪನ್ನು ಬೇರೆ ಮಷಿನ್‌ನಲ್ಲಿ ಒಮ್ಮೆ ತೆರೆದು ನೋಡಿ.