ಗುರುಮನೆ, ಸಂಗೀತ ಕಾಲೇಜು, ಲಿಬರಲ್ ಆರ್ಟ್ಸ್: ಮೂರೂ ಕಡೆ ಭೂಪ ಹಾಡಿ ನೋಡಿದ್ದೇನೆ

ನಮ್ಮ ಪಕ್ಕದ ಮನೆ ಕೂಸು ಈಗ ದ್ವಿತೀಯ ಪಿಯುಸಿ. ಒಳ್ಳೆ ಕಂಠ. ಹೋದ ವಾರ ಅಡಿಕೆ ಸುಲಿಯುವಾಗ ಪಕ್ಕ ಬಂದು ಕೂತು, "ಅಕ್ಕಾ, ಸಂಗೀತ ಕಲಿಯಲೆ ಎಲ್ಲಿ ಹೋಗ್ಲಿ?" ಅಂತ ಕೇಳಿದಳು. ಶಿರಸಿ ಕಡೆ ಹಾಡುವ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಇದೆ, ಅಲ್ವಾ? ನಾನು ಮೂರು ಕಡೆ ಕಲಿತವಳು. ಹೈಸ್ಕೂಲು, ಪಿಯುಸಿ ಮುಗಿಯುವವರೆಗೆ ಸಿದ್ದಾಪುರ ರಸ್ತೆಯ ಒಬ್ಬ ಗುರುಗಳ ಮನೆ. ಆಮೇಲೆ ಒಂದು ವರ್ಷ ಬಯಲುಸೀಮೆಯ ಒಂದು ಸಂಗೀತ ಕಾಲೇಜು. ಅದನ್ನು ಬಿಟ್ಟು ಮೂರು ವರ್ಷ ಬೆಂಗಳೂರು ಕಡೆಯ ಒಂದು ಲಿಬರಲ್ ಆರ್ಟ್ಸ್ ವಿಶ್ವವಿದ್ಯಾಲಯ. ಮೂರೂ ಕಡೆ ಹಿಂದೂಸ್ತಾನಿಯ ಭೂಪ ರಾಗ ಹಾಡಿದ್ದೇನೆ, ಮೂರೂ ಕಡೆ ಒಂದೇ ತಪ್ಪು ಮಾಡಿದ್ದೇನೆ. ಹಾಗಾಗಿ ಆ ತಪ್ಪನ್ನೇ ಹಿಡಿದುಕೊಂಡು ಹೇಳುತ್ತೇನೆ.

ಭೂಪದಲ್ಲಿ ಇರುವುದು ಐದೇ ಸ್ವರ: ಸ ರಿ ಗ ಪ ಧ. ದೇಶಕಾರ ರಾಗದಲ್ಲೂ ಅವೇ ಐದು. ಭೂಪ ಸಂಜೆಯದು, ಗಾಂಧಾರ (ಗ) ಅದರ ಜೀವ. ದೇಶಕಾರ ಬೆಳಗಿನದು, ಅಲ್ಲಿ ಧೈವತವೇ (ಧ) ದೊಡ್ಡದು. ನನಗೆ ಧೈವತದ ಮೇಲೆ ನಿಲ್ಲುವ ಚಾಳಿ. ಮೇಲೆ ಹೋದರೆ ಕೆಳಗೆ ಇಳಿಯಲು ಮನಸ್ಸೇ ಬರುತ್ತಿರಲಿಲ್ಲ, ಭೂಪ ಹಾಡುತ್ತಾ ಹಾಡುತ್ತಾ ದೇಶಕಾರಕ್ಕೆ ಜಾರುತ್ತಿದ್ದೆ.

ಗುರುಮನೆಯಲ್ಲಿ ಇದಕ್ಕೆ ವಿವರಣೆ ಇರಲಿಲ್ಲ. ನಾನು ಧೈವತದ ಮೇಲೆ ಜಾಸ್ತಿ ಹೊತ್ತು ನಿಂತರೆ ಗುರುಗಳು ತಂಬೂರಿ ತಂತಿಯ ಮೇಲೆ ಅಂಗೈ ಇಟ್ಟುಬಿಡುತ್ತಿದ್ದರು. ನಾದ ನಿಂತುಹೋಗುತ್ತಿತ್ತು. ಆ ಮೌನದಲ್ಲಿ ನನ್ನ ತಪ್ಪು ನನಗೇ ಕೇಳುತ್ತಿತ್ತು. "ಕೂಸೇ, ಗಾಂಧಾರದ ಮೇಲೆ ಕೂತ್ಕ" ಅನ್ನುತ್ತಿದ್ದರು, ಅಷ್ಟೇ. ಎಂಟು ತಿಂಗಳು ಒಂದೇ ಭೂಪ, ಒಂದೇ ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು). ರಜೆಯಲ್ಲಿ ಬೆಳಗ್ಗೆ 5 ಗಂಟೆಗೆ ಖರಜ: ಕೆಳಗಿನ ಮಂದ್ರ ಸಪ್ತಕದ ಸ್ವರಗಳನ್ನು ಉಸಿರು ಮುಗಿಯುವವರೆಗೆ ಹಿಡಿಯುವುದು. ಮಳೆಗಾಲದಲ್ಲಿ ತಂಬೂರಿ ಶ್ರುತಿಯಲ್ಲಿ ನಿಲ್ಲುತ್ತಲೇ ಇರಲಿಲ್ಲ, ನಮ್ಮ ಕಡೆಯ ಥಂಡಿ ಗೊತ್ತಲ್ಲ. ತಂಬೂರಿಯ ಕುದುರೆ, ಅಂದರೆ ತಂತಿಗಳನ್ನು ಹೊರುವ ಪಟ್ಟಿಯ ಮೇಲೆ, ತಂತಿಯ ಅಡಿಗೆ ಒಂದು ಸಣ್ಣ ದಾರ ಇರುತ್ತದೆ, ಅದನ್ನು ಕೂದಲೆಳೆಯಷ್ಟು ಆಚೆ ಈಚೆ ಸರಿಸಿದರೆ ಮುಚ್ಚಿಕೊಂಡಿದ್ದ ನಾದ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ. ಅದೇ ಜವಾರಿ. ಅದನ್ನು ಕೇಳಿ ಗುರುತಿಸಲು ನನಗೆ ಎರಡು ಮಳೆಗಾಲ ಬೇಕಾಯಿತು. ಗುರುಗಳು ದುಡ್ಡು ಮುಟ್ಟುತ್ತಿರಲಿಲ್ಲ. ಅಪ್ಪಯ್ಯ ಬಾಳೆಗೊನೆ, ಆಯಿ ಹಲಸಿನ ಹಪ್ಪಳ ಕೊಟ್ಟು ಕಳಿಸುತ್ತಿದ್ದರು.

ಕೊರತೆ ಇರಲಿಲ್ಲವೇ? ಇತ್ತು. ಥಾಟ್ (ರಾಗಗಳನ್ನು ವಿಂಗಡಿಸುವ ಸ್ವರಗುಂಪು) ಅಂದರೇನು ಅಂತ ಪಿಯುಸಿ ಮುಗಿದರೂ ನನಗೆ ಗೊತ್ತಿರಲಿಲ್ಲ. ಬೇರೆ ಘರಾಣೆಯವರು (ಗಾಯನ ಪರಂಪರೆಯವರು) ಅದೇ ಭೂಪವನ್ನು ಹೇಗೆ ಹಾಡುತ್ತಾರೆ ಅಂತ ಕೇಳಿದರೆ, "ಮೊದಲು ಇದು ಬರಲಿ" ಎಂಬ ಉತ್ತರ. ಕೈಗೆ ಡಿಗ್ರಿ ಬರುವುದಿಲ್ಲ ಎಂಬ ಚಿಂತೆ ಮನೆಯಲ್ಲಿ. ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳಿವೆ ನಿಜ, ಪ್ರಾರಂಭಿಕದಿಂದ ವಿಶಾರದ ಪೂರ್ಣದವರೆಗೆ 7. ನಾನು ಮಧ್ಯಮಾ ಪೂರ್ಣದವರೆಗೆ ಕಟ್ಟಿದೆ. ಅಪ್ಪಯ್ಯನಿಗೆ ಅಷ್ಟರಿಂದ ಸಮಾಧಾನ ಆಗಲಿಲ್ಲ.

ಸಂಗೀತ ಕಾಲೇಜಿಗೆ ಹೋದದ್ದು ಆ ಕಾರಣಕ್ಕೆ. ಅಲ್ಲಿ ಸಿಕ್ಕ ದೊಡ್ಡ ಲಾಭ ತಬಲಾ. ಗುರುಮನೆಗೆ ತಬಲಾದವರು ವಾರಕ್ಕೊಮ್ಮೆ ಬಂದರೆ ಬಂದರು, ಇಲ್ಲಿ ದಿನಾ ಠೇಕಾ, ಅಂದರೆ ತಬಲಾದಲ್ಲಿ ನುಡಿಸುವ ತಾಳ. ನಿಧಾನಗತಿಯ ವಿಲಂಬಿತ ಏಕತಾಲದ 12 ಮಾತ್ರೆ (ಎಣಿಕೆ) ಮುಗಿದು, ಮೊದಲ ಮಾತ್ರೆಯಾದ ಸಮ್‌ಗೆ ಬಂದು ಬೀಳುವ ಧೈರ್ಯ ನನಗೆ ಬಂದದ್ದು ಅಲ್ಲೇ. ಭೂಪ, ದೇಶಕಾರಗಳ ವ್ಯತ್ಯಾಸವನ್ನು ಬೋರ್ಡ್ ಮೇಲೆ ಬರೆದು ತೋರಿಸಿದರು: ಒಂದು ಕಲ್ಯಾಣ ಥಾಟ್, ಇನ್ನೊಂದು ಬಿಲಾವಲ್, ವಾದಿ (ಮುಖ್ಯ ಸ್ವರ) ಸಂವಾದಿ (ಅದರ ಜೊತೆಯ ಸ್ವರ) ತಿರುಗುಮುರುಗು. ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದೆ. ಆದರೆ ಹಾಡುವಾಗ ತಪ್ಪು ಹಾಗೇ ಉಳಿಯಿತು. ಯಾಕೆ ಗೊತ್ತಾ? ತರಗತಿಯಲ್ಲಿ 14 ಜನ. ಹುಡುಗರ ಶ್ರುತಿ ಹಾರ್ಮೋನಿಯಂನ ಕಪ್ಪು ಮನೆ ಒಂದು, ನಮ್ಮದು ಕಪ್ಪು ಐದು. ಎಲ್ಲರಿಗೂ ಆಗಲಿ ಅಂತ ಮಧ್ಯದ ಕಪ್ಪು ಮೂರು ಇಡುತ್ತಿದ್ದರು. ಯಾರ ಗಂಟಲಿಗೂ ಅದು ಒಗ್ಗುತ್ತಿರಲಿಲ್ಲ. 14 ದನಿಯ ನಡುವೆ ನನ್ನ ಧೈವತ ಎಷ್ಟು ಹೊತ್ತು ನಿಂತಿತು ಅಂತ ಯಾರು ಕೇಳಿಸಿಕೊಳ್ಳಬೇಕು? ಮೇಲಿಂದ ಒಂದು ಸೆಮಿಸ್ಟರ್‌ಗೆ 6 ರಾಗ. ಆರನ್ನೂ ಮುಟ್ಟಿದೆವು, ಒಂದರಲ್ಲೂ ಕೂರಲಿಲ್ಲ. ಎಲ್ಲ ಕಾಲೇಜೂ ಹೀಗೇ ಅಂತ ನಾನು ಹೇಳುವುದಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗಂಗೂಬಾಯಿ ಹಾನಗಲ್ಲರೇ ಗೌರವ ಪ್ರಾಧ್ಯಾಪಕಿಯಾಗಿದ್ದವರು. ಅಂಥವರ ಎದುರು ಕೂತವರ ಅನುಭವ ಬೇರೆಯೇ ಇರುತ್ತದೆ.

ಇನ್ನು ಲಿಬರಲ್ ಆರ್ಟ್ಸ್. ಒಂದು ವಿಷಯಕ್ಕೇ ಕಟ್ಟಿಹಾಕದೆ ಹಲವು ವಿಷಯ ಓದಿಸಿ, ಅದರೊಳಗೆ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಅಂತ ಆರಿಸಿಕೊಳ್ಳಲು ಬಿಡುತ್ತಾರೆ. ನನ್ನದು ಇತಿಹಾಸ ಮೇಜರ್, ಸಂಗೀತ ಮೈನರ್. ಮೊದಲ ಸೆಮಿಸ್ಟರ್‌ನಲ್ಲಿ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಬರವಣಿಗೆ, ಪರಿಸರ, ಇವೆಲ್ಲದರ ನಡುವೆ ಹಾಡಿನ ಪಾಠ ವಾರಕ್ಕೆ 2 ಗಂಟೆ. ಫೀಸು ವರ್ಷಕ್ಕೆ ಲಕ್ಷಗಳ ಲೆಕ್ಕ. ಅರ್ಧಕ್ಕಿಂತ ಜಾಸ್ತಿ ಸ್ಕಾಲರ್‌ಶಿಪ್ ಸಿಗದಿದ್ದರೆ ನಮ್ಮ ತೋಟದ ಆದಾಯದಲ್ಲಿ ಆಗುವ ಮಾತೇ ಅಲ್ಲ. ಅಭ್ಯಾಸದ ಕೋಣೆ ಬೆಳಗ್ಗೆ 9ಕ್ಕೆ ತೆರೆಯುತ್ತಿತ್ತು, ಹಾಸ್ಟೆಲ್‌ನಲ್ಲಿ 5ಕ್ಕೆ ಎದ್ದು ಹಾಡಿದರೆ ಪಕ್ಕದ ರೂಮಿನವರಿಗೆ ನಿದ್ದೆ ಇಲ್ಲ. ಖರಜ ನಿಂತುಹೋಯಿತು. ಎರಡನೇ ವರ್ಷ ರಜೆಗೆ ಬಂದಾಗ ಗುರುಗಳು ನನ್ನ ಷಡ್ಜ (ಸ) ಕೇಳಿ ಏನೂ ಹೇಳಲಿಲ್ಲ, ಒಳಗೆ ಹೋಗಿ ನೀರು ತಂದುಕೊಟ್ಟರು. ಅವತ್ತು ರಾತ್ರಿ ತುಂಬಾ ಅತ್ತೆ.

ಆದರೂ ಅಲ್ಲಿ ಸಿಕ್ಕದ್ದು ಬೇರೆ ಎಲ್ಲೂ ಸಿಗುತ್ತಿರಲಿಲ್ಲ. ಒಂದು ತರಗತಿಯಲ್ಲಿ ಇಂಡೋನೇಷ್ಯಾದ ಜಾವಾದ ವಾದ್ಯವೃಂದ ಗ್ಯಾಮೆಲಾನ್ ಕೇಳಿಸಿದರು. ಅದರ ಸ್ಲೆಂಡ್ರೊ ಎಂಬ ಶ್ರುತಿಯಲ್ಲಿ ಐದೇ ಸ್ವರ. ಅರೆ, ಇದು ಭೂಪ ಅಲ್ವಾ ಅಂತ ನೆಟ್ಟಗೆ ಕೂತೆ. ಅಲ್ಲ. ಅಲ್ಲಿ ಸ್ವರಗಳ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ ಸಮ, ನಮ್ಮಲ್ಲಿ ಹಾಗಲ್ಲ. ಇನ್ನೊಂದು ತರಗತಿಯಲ್ಲಿ ನಮ್ಮ ದನಿಯನ್ನು ರೆಕಾರ್ಡ್ ಮಾಡಿ ಕಂಪ್ಯೂಟರ್‌ನಲ್ಲಿ ಶ್ರುತಿಯ ಗೆರೆ ಎಳೆಸಿದರು. ಪರದೆಯ ಮೇಲೆ ನನ್ನ ಭೂಪ ಕಂಡಿತು: ಧೈವತ ನಾಲ್ಕು ಸೆಕೆಂಡು, ಗಾಂಧಾರ ಒಂದೇ ಸೆಕೆಂಡು, ಅದೂ ಸ್ವಲ್ಪ ನಡುಗುತ್ತಿತ್ತು. ಗುರುಗಳ ಅಂಗೈ ಯಾಕೆ ತಂತಿಯ ಮೇಲೆ ಬೀಳುತ್ತಿತ್ತು ಅಂತ ಕಣ್ಣಿಗೆ ಕಂಡದ್ದು ಅವತ್ತೇ.

ಕೊನೆಯ ವರ್ಷದ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಯಕ್ಷಗಾನ. ಭೂಪದ ಐದು ಸ್ವರಕ್ಕೆ ದಕ್ಷಿಣದ ಹೆಸರು ಮೋಹನ. ನಮ್ಮ ಬಡಗುತಿಟ್ಟು ಯಕ್ಷಗಾನದ ಹಾಡುಗಾರರಾದ ಭಾಗವತರೂ ಮೋಹನ ಹಾಡುತ್ತಾರೆ. ಹೊನ್ನಾವರ ಕಡೆ ಆರು ಆಟಕ್ಕೆ ಹೋಗಿ ರಾತ್ರಿಯಿಡೀ ಕೂತು ರೆಕಾರ್ಡ್ ಮಾಡಿದೆ. ಚಂಡೆ, ಮದ್ದಳೆಯನ್ನು ದಾಟಿ ಪದ್ಯ ಕೊನೆಯ ಸಾಲಿನವರಿಗೂ ಮುಟ್ಟಬೇಕು, ಹಾಗಾಗಿ ಭಾಗವತರು ಮೇಲಿನ ತಾರ ಸಪ್ತಕದಲ್ಲೇ ಜಾಸ್ತಿ ಇರುತ್ತಾರೆ. ಮೇಲೇ ನಿಲ್ಲುವ ನನ್ನ ಚಾಳಿ ಎಲ್ಲಿಂದ ಬಂತು ಅಂತ ಆಗ ಹೊಳೆಯಿತು. ಚಿಕ್ಕಂದಿನಿಂದ ಅಜ್ಜನ ತೊಡೆಯ ಮೇಲೆ ಕೂತು ಕೇಳಿದ್ದು ಅದನ್ನೇ. ಅಷ್ಟು ವರ್ಷ ಹಾಡಿ, ಪರೀಕ್ಷೆ ಬರೆದು ಸಿಗದ ಉತ್ತರ ಇದು. ಕೇಳಿಸಿಕೊಳ್ಳುವುದು, ಪ್ರಶ್ನೆ ಹಾಕುವುದು, ಬರೆಯುವುದು, ಇದನ್ನು ನಾನು ಕಲಿತದ್ದು ಲಿಬರಲ್ ಆರ್ಟ್ಸ್‌ನಲ್ಲೇ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕಛೇರಿ ಗಾಯಕಿ ಆಗಬೇಕಾದರೆ ಗುರುಮನೆ ಬಿಡಬೇಡಿ. ಬೇಕಾದರೆ ಹತ್ತಿರದ ಕಾಲೇಜಲ್ಲಿ ಯಾವುದಾದರೂ ಡಿಗ್ರಿ ಮಾಡಿ, ಅಥವಾ ಎರಡು ಪದವಿ ಬೇಕಿದ್ದರೆ ಒಂದನ್ನು ದೂರಶಿಕ್ಷಣದಲ್ಲಿ ಇಟ್ಟುಕೊಳ್ಳಿ, 2022ರಿಂದ ಏಕಕಾಲಕ್ಕೆ ಎರಡು ಪದವಿ ಓದಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅವಕಾಶ ಕೊಟ್ಟಿದೆ. ಸಂಗೀತದ ಬಗ್ಗೆ ಯೋಚಿಸಬೇಕು, ಬರೆಯಬೇಕು, ಸಂಶೋಧನೆ ಮಾಡಬೇಕು ಅನ್ನುವವರಿಗೆ ಲಿಬರಲ್ ಆರ್ಟ್ಸ್. ಅದೂ ಗಂಟಲು ಒಂದು ಹದಕ್ಕೆ ಬಂದ ಮೇಲೆ. ಅಲ್ಲಿ ಪೂರ್ಣಾವಧಿ ಹಾಡುಗಾರರೊಬ್ಬರು ಕಲಿಸುತ್ತಾರಾ ಅಂತ ಮೊದಲು ನೋಡಿ. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯ ಅಂಥದೇ ಲಿಬರಲ್ ಆರ್ಟ್ಸ್ ಸಂಸ್ಥೆ. ಅಲ್ಲಿ ಕರ್ನಾಟಕ ಸಂಗೀತದ ಪಾಠ ಗಟ್ಟಿಯಾಗಿ ನಿಂತದ್ದು, ಕೊಳಲಿನ ಟಿ. ವಿಶ್ವನಾಥನ್ ಅವರಂಥ ಕಲಾವಿದರನ್ನೇ ಕರೆದು ವರ್ಷಗಟ್ಟಲೆ ಇಟ್ಟುಕೊಂಡದ್ದರಿಂದ.

ಪಕ್ಕದ ಮನೆ ಕೂಸು ಮುಂದಿನ ತಿಂಗಳು ಒಂದು ಕ್ಯಾಂಪಸ್ ನೋಡಲು ಹೊರಟಿದ್ದಾಳೆ. ಅಲ್ಲಿ ನಿಜವಾದ ತಂಬೂರಿ ಇದೆಯಾ, ಬೆಳಗ್ಗೆ 5ಕ್ಕೆ ಅಭ್ಯಾಸದ ಕೋಣೆಯ ಬೀಗ ಯಾರು ತೆಗೆಯುತ್ತಾರೆ, ಈ ಎರಡನ್ನು ಮಾತ್ರ ಕೇಳದೆ ಬರಬೇಡ ಅಂತ ಹೇಳಿ ಕಳಿಸುತ್ತಿದ್ದೇನೆ.